ಎಪ್ಪತ್ತು ರಾಡಿನ ಲಾರಿ

ಬೋರು ಕೊರೆಸಿದ ಕನ್ನಡದ ರೈತರಿಗೆ ತಮಿಳುನಾಡು ನಂಬರಿನ ಆ ಜೋಡಿ ಲಾರಿಗಳ ಪರಿಚಯ ಬೇಕಿಲ್ಲ. ಅವುಗಳಲ್ಲಿ ಬಹಳಷ್ಟರ ತವರು ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು. ಅರ್ಧನಾರೀಶ್ವರನ ಬೆಟ್ಟವಿರುವ ಈ ಊರಿನ ಶೆಡ್ಡುಗಳಿಗೆ ಬರೀ ಚಾಸಿಯಾಗಿ ಬಂದ ಲಾರಿ, ಬೋರು ಕೊರೆಯುವ ರಿಗ್ ಆಗಿ ಹೊರಬೀಳುತ್ತದೆ.

ನಾನು ಹೋದದ್ದು ಒಬ್ಬ ಮೇಸ್ತ್ರಿಯನ್ನು ಕಾಣಲು. ಈಗ ಶೆಡ್ಡಿನಲ್ಲಿ ವೆಲ್ಡಿಂಗ್ ನೋಡಿಕೊಳ್ಳುವ ಅವರು ಹರೆಯದಲ್ಲಿ ನಮ್ಮ ಕೋಲಾರ ಸೀಮೆಯಲ್ಲಿ ಡ್ರಿಲ್ಲರ್ ಆಗಿದ್ದವರು. ಕನ್ನಡ ಕಲಿತದ್ದು ಹೊಲದ ಬದುಗಳಲ್ಲಿ. ಊರುಗಳನ್ನು ಅವರು ನೆನಪಿಟ್ಟಿರುವುದು ರಾಡಿನ ಲೆಕ್ಕದಲ್ಲಿ. ಬೋರಿಗೆ ಇಳಿಸುವ ಒಂದು ರಾಡೆಂದರೆ 20 ಅಡಿ. "ಚಿಂತಾಮಣಿ ಕಡೆ ಆಗ ಇಪ್ಪತ್ತು ರಾಡಿಗೆ ನೀರು ಸಿಗ್ತಿತ್ತು ಸಾರ್. ಆಮೇಲೆ ನಲವತ್ತಾಯ್ತು. ಈಗ ಎಪ್ಪತ್ತು ಇಳಿಸಿದ್ರೂ ಕೆಲವು ಕಡೆ ಬರೀ ದೂಳು."

ಕೂಲಿ ಅಡಿ ಲೆಕ್ಕದ್ದು. ಬೋರು ಫೇಲಾದರೂ ಕೊಡಲೇಬೇಕು. "ಆ ದುಡ್ಡು ಎಣಿಸ್ಕೊಳ್ಳೋದು ಕಷ್ಟ," ಎಂದರು. ಎಷ್ಟೋ ಮನೆಗಳಲ್ಲಿ ಹೆಂಗಸರು ಒಡವೆ ಅಡವಿಟ್ಟು ತಂದ ಹಣವದು ಎಂದು ಅವರಿಗೆ ಗೊತ್ತಿತ್ತು. ರಿಗ್ ಬಿಟ್ಟು ಶೆಡ್ಡು ಸೇರಲು ಬೆನ್ನುನೋವಿನಷ್ಟೇ ಇದೂ ಕಾರಣ.

ಲಾರಿಯ ಮೈಕಟ್ಟನ್ನು ನಿರ್ಧರಿಸುವುದು ಅದೇ ರಾಡಿನ ಲೆಕ್ಕ. ಎಪ್ಪತ್ತು ರಾಡುಗಳ ಭಾರವನ್ನು 1400 ಅಡಿ ಆಳದಿಂದ ಎತ್ತಬೇಕಾದರೆ ಅವನ್ನು ಹಿಡಿದೆತ್ತುವ ಕಂಬ, ಅಂದರೆ ಮಾಸ್ಟ್, ದಪ್ಪವಾಗಬೇಕು. ಮಾಸ್ಟ್ ದಪ್ಪವಾದರೆ ಕೆಳಗಿನ ಫ್ರೇಮಿಗೆ ಇನ್ನಷ್ಟು ಉಕ್ಕು, ಚಾಸಿಗೆ ಇನ್ನಷ್ಟು ಚಕ್ರ. ದಾರಿಯುದ್ದಕ್ಕೂ ಕ್ಯಾಬಿನ್ ಮೇಲೆ ಅಂಗಾತ ಮಲಗಿ ಬರುವ ಈ ಮಾಸ್ಟನ್ನು ಹೊಲದಲ್ಲಿ ಹೈಡ್ರಾಲಿಕ್ ಸಿಲಿಂಡರುಗಳು ಎಬ್ಬಿಸಿ ನಿಲ್ಲಿಸುತ್ತವೆ. ಅದಕ್ಕೂ ಮೊದಲು ಜ್ಯಾಕುಗಳು ನೆಲಕ್ಕೆ ಊರಿ ಲಾರಿಯನ್ನು ಸಮಕ್ಕೆ ತರಬೇಕು. ಬುಡದಲ್ಲಿ ಕೂದಲೆಳೆಯಷ್ಟು ವಾಲಿದರೂ ಆಳಕ್ಕೆ ಹೋದಂತೆ ಬೋರು ಸೊಟ್ಟಗಾಗುತ್ತದೆ. ವೆಲ್ಡಿಂಗ್ ಆದಮೇಲೆ ಮೇಸ್ತ್ರಿ ತೂಗುಗುಂಡು ಬಿಟ್ಟು ನೋಡುವುದು ಇದಕ್ಕೇ.

ಉಳಿದದ್ದು ಗಾಳಿಯ ಕೆಲಸ. ಕಂಪ್ರೆಸರಿನ ಗಾಳಿ ಟೊಳ್ಳು ರಾಡುಗಳೊಳಗೆ ಇಳಿದು ತಳದ ಹ್ಯಾಮರ್ ಬಡಿಯುವಂತೆ ಮಾಡುತ್ತದೆ, ಬಿಟ್ ಕಲ್ಲನ್ನು ಪುಡಿ ಮಾಡುತ್ತದೆ, ಆ ಪುಡಿಯನ್ನು ಅದೇ ಗಾಳಿ ಮೇಲಕ್ಕೆ ಊದುತ್ತದೆ. ಬೋರಿನಲ್ಲಿ ನಿಂತ 100 ಮೀಟರ್ ನೀರಿನ ಕಂಬವನ್ನು ತಳ್ಳಲು ಸುಮಾರು 10 ಬಾರ್ ಒತ್ತಡ ಬೇಕು. ಹಾಗಾಗಿ ಆಳದ ಜತೆ ಕಂಪ್ರೆಸರೂ ದೊಡ್ಡದಾಯಿತು, ಡೀಸೆಲ್ ಖರ್ಚೂ ಏರಿತು.

ಇತಿಹಾಸ ಚಿಕ್ಕದು. 1967ರ ಬರದಲ್ಲಿ ಯುನಿಸೆಫ್ ಇಂಥ ಗಾಳಿ ಒತ್ತಡದ ರಿಗ್‌ಗಳನ್ನು ವಿಮಾನದಲ್ಲಿ ಭಾರತಕ್ಕೆ ತರಿಸಿತು. ಗಟ್ಟಿ ಕಲ್ಲಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಬೋರು ಗಂಟೆಗಳ ಕೆಲಸವಾಯಿತು. ಮಳೆ ಕಡಿಮೆಯ ತಿರುಚೆಂಗೋಡು ಆ ವಿದ್ಯೆಯನ್ನೇ ಕಸುಬಾಗಿಸಿಕೊಂಡಿತು. ಇಲ್ಲಿನ ರಿಗ್‌ಗಳು ಈಗ ಆಫ್ರಿಕಾಕ್ಕೂ ಹೋಗುತ್ತವೆ.

ಹೊಸ ರಿಗ್‌ಗೆ ಗಿರಾಕಿ ಬಂದಾಗ ಶೆಡ್ಡಿನಲ್ಲಿ ಕೇಳುವ ಮೊದಲ ಪ್ರಶ್ನೆ, ಎಷ್ಟು ಅಡಿಗೆ ಬೇಕು ಎಂದು. ಕಳೆದ ಸಲಕ್ಕಿಂತ ಕಡಿಮೆ ಹೇಳಿದವರನ್ನು ಮೇಸ್ತ್ರಿ ಕಂಡಿಲ್ಲ. ಕೋಲಾರ ಸೀಮೆಯಲ್ಲಿ ಕೆರೆಗಳಿಗೇನೂ ಬರವಿರಲಿಲ್ಲ. ಅವುಗಳ ಹೂಳೆತ್ತಿ, ಕಾಲುವೆ ಒತ್ತುವರಿ ತಡೆದಿದ್ದರೆ ಈ ಕೈಗಳ ಜಾಣ್ಮೆಗೆ ಬೇರೇನಾದರೂ ಕೆಲಸ ಸಿಗುತ್ತಿತ್ತೇನೊ. ಈಗಂತೂ ಮೇಸ್ತ್ರಿ ಇನ್ನೂ ದಪ್ಪನೆಯ ಮಾಸ್ಟಿಗೆ ಅಳತೆ ಹಾಕುತ್ತಿದ್ದಾರೆ.