ಹಿಡಿಯೊಳಗೆ ಸಕ್ಕರೆ ಮೂಟೆ

ಕಿರಾಣಿ ಅಂಗಡಿಯ ಸಕ್ಕರೆ ಮೂಟೆ 50 ಕಿಲೋ ತೂಗುತ್ತದೆ. ಅದರ ಸಿಹಿಯನ್ನೆಲ್ಲ 25 ಗ್ರಾಂ ಪುಡಿಯಲ್ಲಿ ಕೊಡುತ್ತೇನೆ ಎಂದರೆ ಅಂಗಡಿಯವ ನಮ್ಮ ಮುಖ ನೋಡಿಯಾನು. ಅಂಥ ಪುಡಿ ಹುಟ್ಟುವುದು ಕಟೆಂಫೆ ಎಂಬ ಗಿಡದ ಹಣ್ಣಿನಲ್ಲಿ. ಸಿಯೆರಾ ಲಿಯೋನ್‌ನಿಂದ ಕಾಂಗೋವರೆಗಿನ ಮಳೆಕಾಡುಗಳ ನೆರಳೇ ಇದರ ನೆಲೆ. ಥೌಮಟೊಕಾಕಸ್ ಎಂಬ ಇದರ ಕುಲ ಎಷ್ಟು ಪುಟ್ಟದೆಂದರೆ, ಪ್ರಭೇದಗಳು ಒಂದೆರಡೇ. ಆರಾರೂಟ್ ಗಿಡ ಇದರ ದಾಯಾದಿ.

ಗಿಡ 3 ಮೀಟರ್ ಎತ್ತರಕ್ಕೂ ಹೋಗುತ್ತದೆ. ಹೂ, ಹಣ್ಣು ಮಾತ್ರ ಬುಡದಲ್ಲೇ. ತರಗೆಲೆ ಸರಿಸಿದರೆ ಮೂರು ಏಣಿನ ಕೆಂಪು ಹಣ್ಣು. ಒಡೆದರೆ ಕರಿಬೀಜ, ಬೀಜಕ್ಕೆ ಅಂಟಿಕೊಂಡ ತೆಳುಬಣ್ಣದ ಲೋಳೆ. ಸಿಹಿಯೆಲ್ಲ ಆ ಲೋಳೆಯಲ್ಲಿದೆ. ಡೇನಿಯಲ್ ಎಂಬ ಬ್ರಿಟಿಷ್ ಸೇನಾವೈದ್ಯ 1855ರಲ್ಲೇ ಇದರ ಬಗ್ಗೆ ಬರೆದ. ಸಿಹಿಯ ಮೂಲವನ್ನು ಬೇರ್ಪಡಿಸಿದ್ದು ನೆದರ್ಲೆಂಡ್ಸಿನ ವಿಜ್ಞಾನಿಗಳು, 1972ರಲ್ಲಿ. ಅದು ಸಕ್ಕರೆಯ ಜಾತಿಯದ್ದೇ ಅಲ್ಲ, ಥೌಮಟಿನ್ ಎಂಬ ಪ್ರೋಟೀನು!

ತೂಕಕ್ಕೆ ತೂಕ ಇಟ್ಟರೆ ಸಕ್ಕರೆಗಿಂತ ಸುಮಾರು 2000 ಪಟ್ಟು ಸಿಹಿ. ಈ ಲೆಕ್ಕವೂ ಕಡಿಮೆಯೇ ಎನ್ನಬೇಕು. 207 ಅಮೈನೋ ಆಮ್ಲಗಳನ್ನು ಪೋಣಿಸಿದ ಥೌಮಟಿನ್ ಅಣು ಸಕ್ಕರೆಯ ಅಣುವಿಗಿಂತ ಸುಮಾರು 65 ಪಟ್ಟು ಭಾರ. ಅಂದರೆ ಅಷ್ಟೇ ತೂಕದಲ್ಲಿ ಅದರ ಅಣುಗಳ ಸಂಖ್ಯೆ 65ರಲ್ಲಿ ಒಂದು ಪಾಲು. 2000ವನ್ನು 65ರಿಂದ ಗುಣಿಸಿ ನೋಡಿ: ಒಂದೊಂದು ಅಣುವೂ ಸಕ್ಕರೆಯ 1,30,000 ಅಣುಗಳ ಕೆಲಸ ಮಾಡುತ್ತಿದೆ. ಗ್ರಾಂ ಲೆಕ್ಕದಲ್ಲಿ ಎರಡರ ಕ್ಯಾಲೊರಿಯೂ ಒಂದೇ, ಸುಮಾರು 4. ಆದರೆ 10 ಗ್ರಾಂ ಸಕ್ಕರೆ ಬೇಕಾದ ಕಡೆ ಇದು 5 ಮಿಲಿಗ್ರಾಂ ಸಾಕು. 40 ಕ್ಯಾಲೊರಿ ಇದ್ದದ್ದು 0.02ಕ್ಕೆ ಇಳಿಯುತ್ತದೆ.

ಹಾಗೆಂದು ಕಾಫಿಗೆ ಇದು ಹೇಳಿಸಿದ್ದಲ್ಲ. ಸಿಹಿ ನಿಧಾನಕ್ಕೆ ಏರುತ್ತದೆ, ಏರಿದ್ದು ಬೇಗ ಇಳಿಯುವುದಿಲ್ಲ, ಕೊನೆಗೆ ಜ್ಯೇಷ್ಠಮಧುವಿನ ವಾಸನೆ ಬೇರೆ. ಅದಕ್ಕೇ ಚೂಯಿಂಗ್ ಗಮ್‌ಗೆ, ಔಷಧಿಯ ಕಹಿ ಮುಚ್ಚಲಿಕ್ಕೆ ಎಳ್ಳಷ್ಟು ಬಳಸುತ್ತಾರೆ; ಪೊಟ್ಟಣದ ಮೇಲೆ ಇ957 ಎಂದಿರುತ್ತದೆ. ಇಲಿಗಳ ಮುಂದಿಟ್ಟರೆ ಅವುಗಳ ನಾಲಿಗೆಗೆ ಇದು ಸಿಹಿಯೇ ಅಲ್ಲ. ದಕ್ಷಿಣ ಅಮೆರಿಕದ ಕೋತಿಗಳಿಗೂ ಅಷ್ಟೆ. ಆಫ್ರಿಕಾ, ಏಷ್ಯಾಗಳ ಮಂಗಗಳು ಮಾತ್ರ ನಮ್ಮಂತೆ ಚಪ್ಪರಿಸುತ್ತವೆ.

ಘಾನಾ, ನೈಜೀರಿಯಾದ ಹೆಂಗಸರಿಗೆ ದಿನವೂ ಬೇಕಾದದ್ದು ಕಟೆಂಫೆ ಗಿಡದ ಅರ್ಧ ಮೀಟರ್ ಉದ್ದದ ಎಲೆ. ರುಬ್ಬಿದ ಅಲಸಂದೆಯನ್ನು ಅದರಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿದರೆ ಮೊಯಿನ್ ಮೊಯಿನ್. ಅರಿಶಿನದ ಎಲೆಯಲ್ಲಿ ಕಡುಬು ಕಟ್ಟುವ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.