ಕೆದರುವ ಕೂದಲಿಗೆ ಯಾವ ಬಾಟಲಿ? ಕೊಳ್ಳುವ ಮುನ್ನ ಹಿಂಬದಿ ಓದಿ

ಕಾಸರಗೋಡಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಸಾಕು, ಬೆಳಿಗ್ಗೆ ಬಾಚಿ ಹೆಣೆದ ಕೂದಲು ಬಸ್ಸಿನಿಂದ ಇಳಿಯುವಷ್ಟರಲ್ಲಿ ಉಬ್ಬಿ ಕೆದರಿರುತ್ತದೆ. ಸೊಲ್ಲಾಪುರ, ಆದೋನಿ ಕಡೆಯವರ ಗೋಳೇ ಬೇರೆ. ಅಲ್ಲಿ ಒಣಗಾಳಿ, ಬೋರ್‌ವೆಲ್ಲಿನ ಗಡಸು ನೀರು; ತಲೆ ತೊಳೆದರೆ ಕೂದಲು ತೆಂಗಿನ ನಾರಿನಂತಾಗುತ್ತದೆ. ಆದರೆ ಅಂಗಡಿಯಲ್ಲಿ ಇಬ್ಬರಿಗೂ ಸಿಗುವುದು ಅದೇ ಸಾಲು ಬಾಟಲಿಗಳು. ಹಾಗಾದರೆ ಯಾವುದನ್ನು ಆರಿಸಬೇಕು?

ಕೆದರುವುದೇಕೆ?

ಕೂದಲಿನ ಹೊರಮೈಯಲ್ಲಿ ಹಂಚಿನ ಮಾಡಿನಂತೆ ಒಂದರ ಮೇಲೊಂದು ಹೊದಿಸಿದ ಸಣ್ಣ ಸಣ್ಣ ಚಕ್ಕೆಗಳಿವೆ. ಬಿಸಿ ಇಸ್ತ್ರಿ, ಬಣ್ಣ, ಬ್ಲೀಚು, ಒರಟು ಟವೆಲಿನ ತಿಕ್ಕಾಟದಿಂದ ಇವು ಮೇಲೇಳುತ್ತವೆ. ಆಗ ಗಾಳಿಯ ತೇವ ಒಳನುಗ್ಗಿ ಕೂದಲು ಉಬ್ಬುತ್ತದೆ. ಗುಂಗುರು ಕೂದಲಿಗೆ ಈ ಕಾಟ ಹೆಚ್ಚು. ನೆತ್ತಿಯಲ್ಲಿ ಒಸರುವ ಎಣ್ಣೆ ಅಷ್ಟೊಂದು ತಿರುವು ದಾಟಿ ತುದಿಗೆ ಇಳಿಯುವುದಿಲ್ಲ.

ಬಾಟಲಿಯ ಹಿಂದೆ ಏನಿದೆ?

ಮುಂಬದಿಯಲ್ಲಿರುವುದು ಜಾಹೀರಾತು. ನಿಜ ಸಂಗತಿ ಹಿಂಬದಿಯ ಸಣ್ಣಕ್ಷರದಲ್ಲಿದೆ. ಅಲ್ಲಿ ಹೆಚ್ಚು ಇರುವ ವಸ್ತುವಿನ ಹೆಸರು ಮೊದಲು ಬರುತ್ತದೆ. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುವುದರಿಂದ, ಬೇಕಾದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

* ಶಾಂಪೂ: ನೀರಿನ ಬೆನ್ನಿಗೇ ‘ಸೋಡಿಯಂ ಲಾರಿಲ್ ಸಲ್ಫೇಟ್’ ಇದ್ದರೆ ಅದು ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ, ಒಣಕೂದಲನ್ನು ಇನ್ನಷ್ಟು ಒಣಗಿಸುತ್ತದೆ. ಕೆದರುವ ಕೂದಲಿಗೆ ಸಲ್ಫೇಟ್ ಇಲ್ಲದ ಸೌಮ್ಯ ಶಾಂಪೂ ಮೇಲು. ಯಾವುದಾದರೂ ಸರಿ, ನೆತ್ತಿಗಷ್ಟೇ ಹಚ್ಚಿ.

* ಕಂಡೀಷನರ್: ಹಣ ಕಡಿಮೆಯಿದ್ದರೆ ದುಬಾರಿ ಶಾಂಪೂ ಬಿಟ್ಟು ಇದನ್ನು ಕೊಳ್ಳಿ. ‘ಸೆಟ್ರಿಮೋನಿಯಂ ಕ್ಲೋರೈಡ್’, ‘ಸೀಟೈಲ್ ಆಲ್ಕೋಹಾಲ್’, ‘ಡೈಮೆಥಿಕೋನ್’ ಎಂಬ ಹೆಸರುಗಳಿದ್ದರೆ ಅವು ಎದ್ದ ಚಕ್ಕೆಗಳನ್ನು ಮಲಗಿಸಿ ಮೇಲೆ ನುಣುಪು ಕೊಡುವ ವಸ್ತುಗಳು. ಆಲ್ಕೋಹಾಲ್ ಎಂಬ ಹೆಸರಿಗೆ ಹೆದರಬೇಡಿ. ಸೀಟೈಲ್ ಮೇಣದಂಥದ್ದು, ಒಣಗಿಸುವುದಿಲ್ಲ. ಕಿವಿಯಿಂದ ಕೆಳಗಿನ ಕೂದಲಿಗೆ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ತೊಳೆಯಿರಿ.

* ಸೀರಮ್, ಜೆಲ್: ‘ಗ್ಲಿಸರಿನ್’ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಚ್ಚಿ ಬಿಡುವ ಸೀರಮ್ಮಿನಲ್ಲಿ ಅದು ಹೆಚ್ಚಿದ್ದರೆ ಕರಾವಳಿಯ ಮಳೆಗಾಲದಲ್ಲಿ ಕೂದಲು ಮತ್ತೂ ಉಬ್ಬಬಹುದು. ಅಲ್ಲಿಗೆ ಡೈಮೆಥಿಕೋನ್ ಇರುವುದು ಒಳ್ಳೆಯದು.

ಮನೆಯ ಎಣ್ಣೆ

ತೆಂಗಿನೆಣ್ಣೆ ಬರೀ ಅಜ್ಜಿಯ ನಂಬಿಕೆಯಲ್ಲ. ಮುಂಬೈಯ ಎಣ್ಣೆ ಕಂಪನಿಯೊಂದರ ಸಂಶೋಧಕರು 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗಳನ್ನು ಹೋಲಿಸಿ ನೋಡಿದಾಗ, ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದು ಕೂದಲಿನ ಒಳಗೆ ಇಳಿಯಬಲ್ಲದು. ಸ್ನಾನಕ್ಕೆ ಮೊದಲು ಹಚ್ಚಿದರೂ ಪ್ರಯೋಜನವಿದೆ. ಮಲಯಾಳದಲ್ಲಿ ‘ತಾಳಿ’ ಎನ್ನುವ ದಾಸವಾಳ ಎಲೆಯ ಲೋಳೆಯೂ ಕೂದಲನ್ನು ಮೆದುಗೊಳಿಸುತ್ತದೆ.

ಪಾರ್ಲರಿಗೆ ಹೋಗುವ ಮುನ್ನ

ಮದುವೆ ಸೀಸನ್ನಿನಲ್ಲಿ ಪಾರ್ಲರುಗಳಲ್ಲಿ ‘ಕೆರಟಿನ್’, ‘ಸ್ಮೂದನಿಂಗ್’ ಮಾಡಿಸುವವರು ಬಹಳ. ಇಲ್ಲಿ ಎಚ್ಚರ ಬೇಕು. ಇಂಥ ಕೆಲವು ದ್ರಾವಣಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲೇ ಹೇಳಿದೆ. ಅದರ ಬದಲಿಗೆ ಬಂದ ‘ಗ್ಲೈಆಕ್ಸಿಲಿಕ್ ಆಸಿಡ್’ ಕೂಡ ನಿರಪಾಯವಲ್ಲ. ಕೂದಲು ನೇರ ಮಾಡಿಸಿಕೊಂಡ 26 ವರ್ಷದ ಮಹಿಳೆಯೊಬ್ಬರಿಗೆ 2020, 2021, 2022ರಲ್ಲಿ, ಮಾಡಿಸಿದ ಮೂರು ಸಲವೂ, ಮೂತ್ರಪಿಂಡಕ್ಕೆ ಹಾನಿಯಾದುದನ್ನು 2024ರಲ್ಲಿ ವಿದೇಶದ ವೈದ್ಯರು ಪ್ರಕಟಿಸಿದರು. ಹಚ್ಚಿದ ಕ್ರೀಮಿನಲ್ಲಿ ಈ ಆಮ್ಲವಿತ್ತು.

ಆದ್ದರಿಂದ ಹಚ್ಚುವ ಮೊದಲು ಬಾಟಲಿ ತೋರಿಸಲು ಕೇಳಿ. ಈ ಹೆಸರುಗಳಿದ್ದರೆ, ಅಥವಾ ಲೇಬಲ್ಲೇ ಇಲ್ಲದಿದ್ದರೆ, ಬೇಡವೆನ್ನಿ. ಮಾಡಿಸಿದ ಮೇಲೆ ವಾಂತಿ, ಬೆನ್ನುನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೂದಲಿಗೆ ಏನು ಹಚ್ಚಿದ್ದರೆಂಬುದನ್ನೂ ವೈದ್ಯರಿಗೆ ತಿಳಿಸಿ.

ಕೆದರುವ ಕೂದಲು ರೋಗವಲ್ಲ. ಸೌಮ್ಯ ಶಾಂಪೂ, ಒಂದಿಷ್ಟು ಕಂಡೀಷನರ್, ಒದ್ದೆ ಕೂದಲಿಗೆ ಅಗಲ ಹಲ್ಲಿನ ಬಾಚಣಿಗೆ, ಟವೆಲ್ ಬದಲು ಹಳೆಯ ಹತ್ತಿಬಟ್ಟೆ: ಇಷ್ಟರಿಂದಲೇ ಹೆಚ್ಚಿನವರ ಕೂದಲು ಮಾತು ಕೇಳುತ್ತದೆ.