ಹೊಳೆ, ಯಂತ್ರ ಮತ್ತು ನಾವು

ಯಂತ್ರ ಬಂದು ನಿಸರ್ಗ ಕೆಟ್ಟಿತೆಂಬ ಮಾತನ್ನು ನಮ್ಮ ಮೇಲವಂಕಿಯ ಸೀಮೆಯಲ್ಲಿ ನಾನು ಸುಲಭವಾಗಿ ಒಪ್ಪಲಾರೆ. ಗೋಕಾಕದ ಬಳಿ ಘಟಪ್ರಭೆ ಸುಮಾರು 170 ಅಡಿ ಧುಮುಕುವಲ್ಲಿ 1887ರಲ್ಲಿಯೇ ಗಿರಣಿಗಾಗಿ ನೀರಿನ ಶಕ್ತಿಯನ್ನು ಪಡೆದರು. ಜಲಪಾತ ಇಂದಿಗೂ ಮಳೆಗಾಲದಲ್ಲಿ ಮೊರೆಯುತ್ತದೆ. ಮೋಟಾರನ್ನು ಹಳಿಯುವವರೂ, ಮನೆಯಲ್ಲಿ ಹೆರಿಗೆಯ ನೋವೆದ್ದ ರಾತ್ರಿ, ಅದನ್ನೇ ಹುಡುಕುತ್ತಾರಲ್ಲವೆ?

ನನ್ನ ತಕರಾರು ಬೇರೆ. ಮೇಲೆ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವಿದೆ. ಕಬ್ಬಿಗಾಗಿ ಅದು ತುಂಬಿರಬೇಕು; ನೆರೆಯನ್ನು ತಡೆಯಲು ಅದರಲ್ಲಿ ತೆರವು ಇರಬೇಕು. ಆಷಾಢ-ಶ್ರಾವಣಗಳಲ್ಲಿ ಎಷ್ಟು ತೆರವು ಉಳಿಸಬೇಕೆಂಬುದನ್ನು ಯಂತ್ರವೊಂದೇ ಹೇಳದು. ಅದು ರಾಜಕಾರಣದ ನಿರ್ಣಯ. 2019ರ ಆಗಸ್ಟಿನಲ್ಲಿ, ಹಿರಣ್ಯಕೇಶಿ ಮಾರ್ಕಂಡೇಯಗಳ ನೀರೂ ಕೂಡಿ, ಹೊಳೆ ಗೋಕಾಕದ ಓಣಿಗಳಿಗೆ ನುಗ್ಗಿತು. ಆದರೂ ಈ ಪ್ರಶ್ನೆಯನ್ನು ಚುನಾವಣೆಯ ಭಾಷಣಗಳಲ್ಲಿ ನಾನು ಕೇಳಿಲ್ಲ.